ಕಂಪ್ಯೂಟರ್ ಕೇಳದಿದ್ದರೆ ನಾವೇ ಕೇಳಿಕೊಳ್ಳಬೇಕು



ಸಂಘದ ಲೆಕ್ಕ ಬರೆಯಲು, ಅರ್ಜಿ ಟೈಪ್ ಮಾಡಲು ಒಕ್ಕೂಟದ ಕಚೇರಿಗೂ ತರಬೇತಿ ಕೇಂದ್ರಕ್ಕೂ ಕಂಪ್ಯೂಟರ್ ಬಂದಿದೆ. ಅದಕ್ಕೆ ಸಾಫ್ಟ್‌ವೇರ್ ಹಾಕಬೇಕು. ಒಂದೇ ಕಂಪ್ಯೂಟರ್ ಆದರೆ ಕುಳಿತು 'ನೆಕ್ಸ್ಟ್, ನೆಕ್ಸ್ಟ್' ಒತ್ತಿದರಾಯಿತು. ಹತ್ತು ಇದ್ದರೆ? ಅರ್ಧ ದಿನ ಅಲ್ಲೇ ಹೋಯ್ತು! ಇದಕ್ಕೊಂದು ಸುಲಭ ದಾರಿಯಿದೆ. ಒಂದು ಸಾಲಿನ ಆದೇಶ ಟೈಪ್ ಮಾಡಿದರೆ ಕಂಪ್ಯೂಟರ್ ಏನೂ ಕೇಳದೆ ತಾನೇ ಕೆಲಸ ಮುಗಿಸುತ್ತದೆ. ಇದಕ್ಕೆ 'ಸೈಲೆಂಟ್ ಇನ್‌ಸ್ಟಾಲೇಶನ್' ಎನ್ನುತ್ತಾರೆ.

ಮಾಡುವುದು ಹೇಗೆ?

ಉಚಿತವಾಗಿ ಸಿಗುವ ಲಿಬ್ರೆಆಫೀಸನ್ನು ವಿಂಡೋಸ್ ಕಂಪ್ಯೂಟರಿಗೆ ಹಾಕುವುದನ್ನೇ ನೋಡೋಣ. ಇದರ ಫೈಲಿನ ಹೆಸರು 'ಎಂಎಸ್‌ಐ' ಎಂದು ಕೊನೆಯಾಗುತ್ತದೆ.

1. ಫೈಲನ್ನು ಲಿಬ್ರೆಆಫೀಸಿನ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ.

2. 'ಕಮಾಂಡ್ ಪ್ರಾಂಪ್ಟ್' ಮೇಲೆ ಬಲಗುಂಡಿ ಒತ್ತಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಆರಿಸಿ. ಇದನ್ನು ಮರೆತರೆ ಅನುಮತಿ ಕೇಳುವ ಕಿಟಕಿಯೂ ಬರೋದಿಲ್ಲ, ಕೆಲಸ ಸದ್ದಿಲ್ಲದೆ ನಿಂತುಹೋಗುತ್ತದೆ.

3. ಎಂ, ಎಸ್, ಐ, ಇ, ಎಕ್ಸ್, ಇ, ಸಿ ಎಂಬ ಏಳು ಇಂಗ್ಲಿಷ್ ಅಕ್ಷರ ಟೈಪ್ ಮಾಡಿ. ಜಾಗ ಬಿಟ್ಟು 'ಸ್ಲ್ಯಾಶ್ ಐ', ಆಮೇಲೆ ಫೈಲಿನ ಪೂರ್ತಿ ವಿಳಾಸ, ಆಮೇಲೆ 'ಸ್ಲ್ಯಾಶ್ ಕ್ಯೂಎನ್', 'ಸ್ಲ್ಯಾಶ್ ನೋರೀಸ್ಟಾರ್ಟ್'. ವಿಳಾಸದ ನಡುವೆ ಖಾಲಿ ಜಾಗವಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗೆ ಇಡಿ.

4. ಕೊನೆಗೆ 'ಸ್ಲ್ಯಾಶ್ ಎಲ್, ನಕ್ಷತ್ರ ಚಿಹ್ನೆ, ವಿ' ಬರೆದು ಒಂದು ಫೈಲಿನ ಹೆಸರು ಕೊಡಿ. ನಡೆದದ್ದೆಲ್ಲ ಅದರಲ್ಲಿ ದಾಖಲಾಗುತ್ತದೆ.

'ಐ' ಅಂದರೆ ಹಾಕು, 'ಕ್ಯೂಎನ್' ಅಂದರೆ ಪರದೆಯಲ್ಲಿ ಏನೂ ತೋರಿಸಬೇಡ, 'ನೋರೀಸ್ಟಾರ್ಟ್' ಅಂದರೆ ನೀನಾಗಿ ರೀಸ್ಟಾರ್ಟ್ ಆಗಬೇಡ. 'ಇಎಕ್ಸ್‌ಇ' ಎಂದು ಕೊನೆಯಾಗುವ ಫೈಲುಗಳಿಗೆ ಈ ಆದೇಶ ನಡೆಯೋದಿಲ್ಲ. ಕೆಲವಕ್ಕೆ ದೊಡ್ಡಕ್ಷರದ 'ಸ್ಲ್ಯಾಶ್ ಎಸ್', ಇನ್ನು ಕೆಲವಕ್ಕೆ 'ಸ್ಲ್ಯಾಶ್ ವೆರಿಸೈಲೆಂಟ್' ಬೇಕು.

ಮುಗಿಯಿತೆಂದು ತಿಳಿಯುವುದು ಹೇಗೆ?

ಎಂಟರ್ ಒತ್ತಿದ ತಕ್ಷಣ ಹೊಸ ಸಾಲು ಕಾಣಿಸಿದರೆ ಕೆಲಸ ಆಯ್ತು ಎಂದುಕೊಳ್ಳಬೇಡಿ, ಒಳಗೆ ಇನ್ನೂ ನಡೆಯುತ್ತಿರಬಹುದು. ಸ್ವಲ್ಪ ಹೊತ್ತು ಬಿಟ್ಟು ದಾಖಲೆ ಫೈಲಿನ ಕೊನೆ ನೋಡಿ. 0 ಇದ್ದರೆ ಸರಿಯಾಗಿದೆ. 3010 ಇದ್ದರೆ ಸರಿಯಾಗಿದೆ, ಆದರೆ ರೀಸ್ಟಾರ್ಟ್ ಮಾಡಬೇಕು. 1603 ಇದ್ದರೆ ಕೆಲಸ ಕೆಟ್ಟಿದೆ. ಮೊದಲು ಒಂದರಲ್ಲಿ ಮಾಡಿ ನೋಡಿ, ಸರಿ ಬಂದರೆ ಉಳಿದ ಒಂಬತ್ತಕ್ಕೆ ಹೋಗಿ.

ಎಚ್ಚರ ಬೇಕಾದದ್ದು ಇಲ್ಲಿ

'ನೆಕ್ಸ್ಟ್' ಒತ್ತುವಾಗ ಕಂಪ್ಯೂಟರ್ ನಮ್ಮನ್ನು ಕೇಳುತ್ತದೆ: ಷರತ್ತು ಒಪ್ಪಿಗೆಯೇ? ಜೊತೆಗೆ ಬೇರೇನಾದರೂ ಹಾಕಲೇ? ಸೈಲೆಂಟ್ ವಿಧಾನದಲ್ಲಿ ಈ ಪ್ರಶ್ನೆಗಳೇ ಇಲ್ಲ. ತಯಾರಕರು ಮೊದಲೇ ಇಟ್ಟ ಉತ್ತರವೇ ನಮ್ಮ ಉತ್ತರ. ಖಾಲಿ ಚೆಕ್ಕಿಗೆ ಸಹಿ ಹಾಕಿದ ಹಾಗೆ ಅಲ್ವಾ? ಸಂಘದಲ್ಲಿ ನಿರ್ಣಯ ಬರೆಯದೆ ಹಣ ತೆಗೆಯುತ್ತೇವೆಯೇ? ಇಲ್ಲೂ ಹಾಗೆಯೇ. ಈ ಫೈಲ್ ಎಲ್ಲಿಂದ ಬಂತು, ನಮಗೆ ಬೇಕೇ, ಯಾರು ಹಾಕುತ್ತಾರೆ ಎಂದು ಮೊದಲೇ ಕೇಳಿಕೊಂಡು ಪುಸ್ತಕದಲ್ಲಿ ಬರೆದಿಡೋಣ.

ಇನ್ನೊಂದು ಮಾತು. ಫೋನಿನಲ್ಲಿ ಯಾರೋ ಅಪರಿಚಿತರು "ಮೇಡಂ, ಕಪ್ಪು ಕಿಟಕಿ ತೆರೆದು ಇಷ್ಟು ಟೈಪ್ ಮಾಡಿ" ಎಂದರೆ ಖಂಡಿತ ಮಾಡಬೇಡಿ. ಆ ಒಂದು ಸಾಲಿನಿಂದ ನಮಗೆ ತಿಳಿಯದಂತೆ ಬೇಡದ ಸಾಫ್ಟ್‌ವೇರ್ ಒಳಗೆ ಬರಬಹುದು. ಅದರಲ್ಲಿರುವುದು ನಮ್ಮೆಲ್ಲರ ಉಳಿತಾಯದ ಲೆಕ್ಕ.

ಮುಂದಿನ ಸಭೆಯಲ್ಲಿ ಇದನ್ನು ಓದಿ ಚರ್ಚಿಸಿ. ಕಲಿತವರು ಇನ್ನಿಬ್ಬರಿಗೆ ಕಲಿಸಿ.