ಹಾಲಿನ ದುಡ್ಡು, ಹೆಂಡದಂಗಡಿ: ಐರ್ಲೆಂಡಿನ ಹಳ್ಳಿಗಳು ಕಲಿತ ಪಾಠ



ಬೆಳಗಾಗುವುದರೊಳಗೆ ಎದ್ದು ಹಸುವಿಗೆ ಹುಲ್ಲು ಹಾಕಿ, ಹಾಲು ಕರೆದು, ಡೈರಿಗೆ ಹಾಕಿ ಬರುತ್ತೀರಿ. ಅಲ್ಲಿ ಅಳತೆ ಬರೆದುಕೊಳ್ಳುತ್ತಾರೆ, ಜಿಡ್ಡಿನ ಅಂಶ ನೋಡುತ್ತಾರೆ, ಗೊತ್ತಾದ ದಿನ ಬಟವಾಡೆಯಾಗುತ್ತದೆ. ಆ ಹಣ ಸಂಘದಿಂದ ಹೊರಟು ನಿಮ್ಮ ಮನೆಯ ಹೊಸ್ತಿಲು ದಾಟುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ? ಈ ಪ್ರಶ್ನೆ ನಮಗೆ ಮಾತ್ರ ಬಂದದ್ದಲ್ಲ. ನೂರು ವರ್ಷಗಳಿಗೂ ಹಿಂದೆ ಐರ್ಲೆಂಡ್ ದೇಶದ ರೈತರಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರು ಅದಕ್ಕೆ ಹುಡುಕಿದ ಉತ್ತರವನ್ನೂ, ಆ ಉತ್ತರದಲ್ಲಿ ಮಾಡಿದ ಒಂದು ತಪ್ಪನ್ನೂ ನಾವು ತಿಳಿದುಕೊಂಡರೆ ನಷ್ಟವಿಲ್ಲ.

ಐರ್ಲೆಂಡ್ ಇಂಗ್ಲೆಂಡಿನ ಪಶ್ಚಿಮಕ್ಕಿರುವ ದ್ವೀಪ. ಆ ಕಾಲದಲ್ಲಿ ನಮ್ಮಂತೆಯೇ ಬ್ರಿಟಿಷರ ಆಳ್ವಿಕೆಯಲ್ಲಿತ್ತು. ಮಳೆ ಹೆಚ್ಚು, ಹುಲ್ಲು ಹುಲುಸು. ಬಹುಮಂದಿ ಸಣ್ಣ ಹಿಡುವಳಿಯ ರೈತರು. ಒಂದಿಷ್ಟು ಆಲೂಗಡ್ಡೆ, ಕೆಲವು ಹಸು, ಒಂದೆರಡು ಹಂದಿ, ಹಿತ್ತಲಲ್ಲಿ ಕೋಳಿ, ಇದೇ ಅವರ ಆಸ್ತಿ. ಹಾಲಿನ ಕೆನೆ ತೆಗೆದು, ಮನೆಯಲ್ಲೇ ಕಡೆದು, ಬೆಣ್ಣೆಗೆ ಉಪ್ಪು ಬೆರೆಸಿ, ಮರದ ಪೀಪಾಯಿಗಳಲ್ಲಿ ತುಂಬಿ ಪೇಟೆಗೆ ಒಯ್ಯುತ್ತಿದ್ದರು.

ಒಂದೇ ಅಂಗಡಿ, ಮೂರು ಹಗ್ಗ

ಅಲ್ಲಿನ ಸಣ್ಣ ಪೇಟೆಗಳಲ್ಲಿ ಒಂದು ವಿಚಿತ್ರ ಏರ್ಪಾಡಿತ್ತು. ದಿನಸಿ ಅಂಗಡಿಯೂ ಮದ್ಯದಂಗಡಿಯೂ ಅನೇಕ ಕಡೆ ಒಂದೇ ಮಾಡಿನ ಕೆಳಗೆ ಇರುತ್ತಿದ್ದವು. ಮುಂದಿನ ಹಲಗೆಯ ಮೇಲೆ ಹಿಟ್ಟು, ಚಹಾ, ಸಕ್ಕರೆ. ಒಳಗಿನ ಹಲಗೆಯ ಮೇಲೆ ವಿಸ್ಕಿ, ಬೀರು. ಆ ಅಂಗಡಿಯವನೇ ಬಿತ್ತನೆ ಬೀಜವನ್ನೂ ಗೊಬ್ಬರವನ್ನೂ ಸಾಲವಾಗಿ ಕೊಡುವನು. ರೈತನ ಮೊಟ್ಟೆ, ಬೆಣ್ಣೆಗಳನ್ನು ಕೊಳ್ಳುವವನೂ ಅವನೇ. ಇಂಥ ಸಾಹುಕಾರನನ್ನು ಆ ದೇಶದಲ್ಲಿ 'ಗೊಂಬೀನ್' ಎಂಬ ಮಾತು ಸೇರಿಸಿ ಕರೆಯುತ್ತಿದ್ದರು. ಊರಿನವರಿಗೆಲ್ಲ ಅವನ ಮೇಲೆ ಸಿಟ್ಟು. ಅವನನ್ನು ಬಿಟ್ಟರೆ ಗತಿಯೂ ಇಲ್ಲ.

ಇದರ ಪರಿಣಾಮವನ್ನು ನೀವೇ ಊಹಿಸಿರಿ. ಸಾಲ ಇದ್ದವನು ತನ್ನ ಬೆಣ್ಣೆಯನ್ನು ಬೇರೆಯವನಿಗೆ ಮಾರುವಂತಿಲ್ಲ. ಅಂಗಡಿಯವನು ಹೇಳಿದ್ದೇ ಬೆಲೆ. ಅದೂ ಕೈಗೆ ಬರುವುದಿಲ್ಲ, ಸಾಲದ ಪುಸ್ತಕಕ್ಕೆ ಹೋಗುತ್ತದೆ. ಸಾಲದ ಗಿರಾಕಿಗೆ ಸಾಮಾನಿನ ಬೆಲೆಯೂ ಒಂದು ಪಾಲು ಹೆಚ್ಚು. ಲೆಕ್ಕದ ಚೀಟಿ ಕೇಳುವ ಧೈರ್ಯ ಯಾರಿಗೆ? ಮಾತು ಮುಗಿದ ಮೇಲೆ ಒಂದು ಲೋಟ ಕುಡಿಯದೆ ಎದ್ದು ಬಂದರೆ ಅಂಗಡಿಯವನ ಮುಖ ಕೆಡುತ್ತದೆ. ಹೀಗೆ ಸಾಲ, ಮಾರಾಟ, ಕುಡಿತ ಎಂಬ ಮೂರು ಹಗ್ಗಗಳ ತುದಿಯೂ ಒಬ್ಬನ ಕೈಯಲ್ಲೇ ಇತ್ತು.

ದನದ ಸಂತೆಯ ದಿನ ಇನ್ನೂ ಕಷ್ಟ. ನಮ್ಮಲ್ಲಿ ವಲ್ಲಿಯ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವಂತೆ ಅಲ್ಲಿ ಅಂಗೈಗೆ ಅಂಗೈ ಬಡಿದು ಕುದುರಿಸುತ್ತಿದ್ದರು. ಆಮೇಲೆ ಮಾರಿದವನು, ಕೊಂಡವನು, ನಡುವೆ ನಿಂತು ಮಾತಾಡಿಸಿದವನು, ಎಲ್ಲರೂ ಮದ್ಯದಂಗಡಿಗೆ. ಅಲ್ಲಿ ಸರದಿಯ ಮೇಲೆ ಕುಡಿಸುವುದು ಪದ್ಧತಿ. ಐದು ಜನ ಸೇರಿದರೆ ಒಬ್ಬೊಬ್ಬನೂ ಒಂದು ಸಲ ಎಲ್ಲರಿಗೂ ಕೊಡಿಸಬೇಕು. ಒಂದು ಲೋಟ ಸಾಕೆಂದು ಹೋದವನೂ ಐದು ಲೋಟ ಮುಗಿಸದೆ ಮರ್ಯಾದೆಯಿಂದ ಹೊರಬರುವಂತಿರಲಿಲ್ಲ.

ಬರಿಯ ಉಪದೇಶ ಏಕೆ ನಿಲ್ಲಲಿಲ್ಲ?

ಕುಡಿತ ಬಿಡಿಸುವ ಪ್ರಯತ್ನ ಆ ದೇಶದಲ್ಲಿ ಹಳೆಯದು. 1838ರಲ್ಲಿ ಕಾರ್ಕ್ ನಗರದ ಪಾದ್ರಿ ಥಿಯೊಬಾಲ್ಡ್ ಮ್ಯಾಥ್ಯೂ ಅವರು ಪಾನವರ್ಜನೆಯ ಪ್ರತಿಜ್ಞೆ ಮಾಡಿಸಲು ಹೊರಟರು. ಅವರು ಹೋದಲ್ಲೆಲ್ಲ ಜಾತ್ರೆಯಂತೆ ಜನ ಸೇರಿತು. ಕೆಲವೇ ವರ್ಷಗಳಲ್ಲಿ ಲಕ್ಷ ಲಕ್ಷ ಜನ ಪ್ರತಿಜ್ಞೆ ಮಾಡಿದರು. ಆದರೆ 1845ರಿಂದ ಆಲೂಗಡ್ಡೆಯ ಬೆಳೆಗೆ ರೋಗ ಬಿದ್ದು ಘೋರ ಕ್ಷಾಮವಾಯಿತು. ಊರೂರಿನಲ್ಲಿ ಪ್ರತಿಜ್ಞೆಯನ್ನು ಕಾಯುವ ಸಂಘಗಳು ಗಟ್ಟಿಯಾಗಿ ಬೇರೂರಿರಲಿಲ್ಲ. ಮ್ಯಾಥ್ಯೂ ಅವರು 1856ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಚಳವಳಿ ಬಹುಮಟ್ಟಿಗೆ ಕರಗಿಹೋಗಿತ್ತು.

ಕಾನೂನೂ ಬಂತು. 1878ರಲ್ಲಿ ಐದು ದೊಡ್ಡ ನಗರಗಳನ್ನು ಬಿಟ್ಟು ಉಳಿದೆಡೆ ಭಾನುವಾರ ಮದ್ಯದಂಗಡಿ ಮುಚ್ಚಬೇಕೆಂದು ವಿಧಿಸಲಾಯಿತು. ಆದರೆ ಮೂರು ಮೈಲಿಯಾಚೆಯಿಂದ ಬಂದ ಪ್ರಯಾಣಿಕನಿಗೆ ಕೊಡಬಹುದೆಂಬ ವಿನಾಯಿತಿ ಅದರಲ್ಲಿತ್ತು. ಕುಡಿಯಲೇಬೇಕೆಂದವರಿಗೆ ಮೂರು ಮೈಲಿ ನಡೆಯುವುದು ದೊಡ್ಡ ಮಾತೇ?

ಕೂಟದಿಂದ ಬಂದ ಬಲ

ಆಮೇಲೆ ಬಂದ ಪ್ರಚಾರಕರು ಈ ಅನುಭವದಿಂದ ಕಲಿತರು. 1898ರ ಡಿಸೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ ಪಾದ್ರಿ ಜೇಮ್ಸ್ ಕಲ್ಲೆನ್ ಅವರು 'ಪಯೊನಿಯರ್' ಎಂಬ ಪಾನವರ್ಜನ ಸಂಘವನ್ನು ಕಟ್ಟಿದರು. ಮೊದಲು ಸೇರಿದವರು ನಾಲ್ವರು ಹೆಂಗಸರು! ಕುಡಿತದ ಪೆಟ್ಟು ಮೊದಲು ಬೀಳುವುದು ಹೆಂಗಸರ ಮೇಲೆ ತಾನೆ? ಸ್ವಲ್ಪ ಕಾಲದಲ್ಲೇ ಗಂಡಸರೂ ಸೇರಿದರು. ಸದಸ್ಯರು ಎಲ್ಲರಿಗೂ ಕಾಣುವಂತೆ ಬಟ್ಟೆಯ ಮೇಲೆ ಒಂದು ಬಿಲ್ಲೆ ಧರಿಸಬೇಕಿತ್ತು. ಆ ಬಿಲ್ಲೆ ಕಂಡವರು ಕುಡಿಯಲು ಒತ್ತಾಯ ಮಾಡುತ್ತಿರಲಿಲ್ಲ.

ಅದೇ ಕಾಲದಲ್ಲಿ ವೆಕ್ಸ್‌ಫರ್ಡ್ ಜಿಲ್ಲೆಯಲ್ಲಿ ಸರದಿ ಕುಡಿತದ ವಿರುದ್ಧವೇ ಒಂದು ಕೂಟ ಹುಟ್ಟಿತು. ಅದರವರ ಪ್ರತಿಜ್ಞೆ ಬಹಳ ಸರಳ: ಇನ್ನೊಬ್ಬರಿಗೆ ಕುಡಿಸುವುದಿಲ್ಲ, ಇನ್ನೊಬ್ಬರು ಕೊಡಿಸಿದ್ದನ್ನು ಕುಡಿಯುವುದಿಲ್ಲ. 1909ರಲ್ಲಿ ಉತ್ತರದ ಆರ್ಮಾ ಪಟ್ಟಣದಲ್ಲಿ ರಾಬರ್ಟ್ ಪ್ಯಾಟರ್ಸನ್ ಎಂಬ ಪಾದ್ರಿ ಬೀದಿ ದೀಪದ ಕಂಬದ ಬಳಿ ನಿಂತಿದ್ದ ಆರು ಮಂದಿಯನ್ನು ಮಾತಾಡಿಸಿ ಪ್ರತಿಜ್ಞೆಗೆ ಒಪ್ಪಿಸಿದರು. ಪ್ರತಿಯೊಬ್ಬನೂ ತನ್ನ ಗೆಳೆಯನೊಬ್ಬನನ್ನು ಕರೆತರಬೇಕೆಂಬುದೇ ಅವರ ನಿಯಮ. ಒಂಟಿಯಾಗಿ ಬಿಡುವುದು ಕಷ್ಟ, ಜೊತೆಯಲ್ಲಿ ಬಿಡುವುದು ಸುಲಭ ಎಂಬುದನ್ನು ಇವರೆಲ್ಲ ಕಂಡುಕೊಂಡಿದ್ದರು.

ಇಷ್ಟಾದರೂ ಸಾಲದ ಹಗ್ಗ ಮತ್ತು ಮಾರಾಟದ ಹಗ್ಗ ಅಂಗಡಿಯವನ ಕೈಯಲ್ಲೇ ಇದ್ದವು. ಕುಡಿತ ಬಿಟ್ಟವನೂ ಬೆಣ್ಣೆ ಹೊತ್ತುಕೊಂಡು ಅದೇ ಬಾಗಿಲಿಗೆ ಹೋಗಬೇಕಾಗಿತ್ತು. ಆ ಎರಡು ಹಗ್ಗಗಳನ್ನು ಕತ್ತರಿಸಿದ್ದು ಸಹಕಾರಿ ಡೈರಿ.

ಡೈರಿ ಹುಟ್ಟಿದ ಬಗೆ

1880ರ ಸುಮಾರಿಗೆ ಐರ್ಲೆಂಡಿನ ಬೆಣ್ಣೆಗೆ ಕುತ್ತು ಬಂದಿತ್ತು. ಇಂಗ್ಲೆಂಡಿನ ಪೇಟೆಗೆ ಡೆನ್ಮಾರ್ಕಿನ ಬೆಣ್ಣೆ ಬರತೊಡಗಿತು. ಅಲ್ಲಿಯ ರೈತರು 1882ರಿಂದ ಸಹಕಾರಿ ಡೈರಿಗಳನ್ನು ಕಟ್ಟಿಕೊಂಡಿದ್ದರು. ಅವರ ಬೆಣ್ಣೆ ಶುಚಿ, ವರ್ಷವಿಡೀ ಒಂದೇ ರುಚಿ. ಐರ್ಲೆಂಡಿನ ಬೆಣ್ಣೆಯಾದರೋ ಮನೆಗೊಂದು ಬಗೆ, ಪೀಪಾಯಿಗೊಂದು ರುಚಿ. 1878ರಲ್ಲಿ ಸ್ವೀಡನ್ನಿನ ಗುಸ್ತಾಫ್ ಡಿ ಲಾವಾಲ್ ಅವರು ಹಾಲನ್ನು ವೇಗವಾಗಿ ತಿರುಗಿಸಿ ಕೆನೆ ಬೇರ್ಪಡಿಸುವ ಯಂತ್ರ ಮಾಡಿದ್ದರು. ಆದರೆ ನಾಲ್ಕು ಹಸು ಇದ್ದವನು ಉಗಿಯಿಂದ ನಡೆಯುವ ಯಂತ್ರ ಕೊಳ್ಳುವುದೆಂತು? ನೂರು ಮಂದಿ ಸೇರಿದರೆ ಕೊಳ್ಳಬಹುದು.

ಈ ಮಾತನ್ನು ಊರೂರಿಗೆ ಹೊತ್ತವರು ಹೊರೇಸ್ ಪ್ಲಂಕೆಟ್ ಎಂಬವರು. ಜಮೀನ್ದಾರರ ಮನೆಯವರು. ಹತ್ತು ವರ್ಷ ಅಮೆರಿಕದಲ್ಲಿ ದನ ಸಾಕಿ 1889ರಲ್ಲಿ ಸ್ವದೇಶಕ್ಕೆ ಮರಳಿದ್ದರು. ಅದೇ ವರ್ಷ ಲಿಮರಿಕ್ ಜಿಲ್ಲೆಯ ಡ್ರಮ್‌ಕಾಲಹರ್ ಎಂಬ ಊರಿನಲ್ಲಿ ಮೊದಲ ಸಹಕಾರಿ ಡೈರಿ ಆರಂಭವಾಯಿತು. ಅದನ್ನು ನೋಡಿ ಎಲ್ಲರೂ ಓಡಿಬಂದರೆಂದು ತಿಳಿಯಬೇಡಿರಿ. 50 ಸಭೆಗಳಿಗೆ ಹೋದರೂ ಅವುಗಳಿಂದ ಒಂದು ಸಂಘವೂ ಹುಟ್ಟಲಿಲ್ಲವೆಂದು ಪ್ಲಂಕೆಟ್ ಅವರೇ ಬರೆದಿದ್ದಾರೆ. ವ್ಯಾಪಾರಿಗಳು ವಿರೋಧಿಸಿದರು. ರಾಜಕೀಯವೂ ಅಡ್ಡ ಬಂತು. ಒಂದು ಊರಿನ ವಕೀಲರಂತೂ ಎದ್ದು, ನಮ್ಮ ಊರಿನ ಬೆಣ್ಣೆಯನ್ನು ನಮ್ಮ ಪಕ್ಷದ ತತ್ತ್ವದಂತೆ ಕಡೆಯಬೇಕು, ಇಲ್ಲದಿದ್ದರೆ ಕಡೆಯುವುದೇ ಬೇಡ ಎಂದರಂತೆ! ಹಸುವಿಗೆ ಪಕ್ಷವಿಲ್ಲ ಎಂಬುದು ಮನುಷ್ಯರಿಗೆ ತಿಳಿಯಲು ಕಾಲ ಹಿಡಿಯಿತು.

ಪ್ಲಂಕೆಟ್ ಅವರಿಗೆ ಹೆಗಲು ಕೊಟ್ಟವರಲ್ಲಿ ಪಾದ್ರಿ ಥಾಮಸ್ ಫಿನ್ಲೆ ಅವರು ಒಬ್ಬರು. ಪಯೊನಿಯರ್ ಸಂಘದ ಕಲ್ಲೆನ್ ಅವರೂ ಇವರೂ ಒಂದೇ ಜೆಸುಯಿಟ್ ಪಂಥದವರು. ಒಬ್ಬರು ಲೋಟ ಬಿಡಿಸಿದರು, ಇನ್ನೊಬ್ಬರು ಸಾಲದ ಪುಸ್ತಕದಿಂದ ಬಿಡಿಸಿದರು. 1894ರಲ್ಲಿ ಸಂಘಗಳಿಗೆಲ್ಲ ಮಾರ್ಗದರ್ಶನ ನೀಡುವ ಕೇಂದ್ರ ಸಂಸ್ಥೆ ಸ್ಥಾಪನೆಯಾಯಿತು. 1914ರ ಹೊತ್ತಿಗೆ ಎಲ್ಲ ಬಗೆಯ ಸಹಕಾರ ಸಂಘಗಳು ಸೇರಿ ಸಾವಿರಕ್ಕೂ ಹೆಚ್ಚಾದವು.

ಕೆಲಸ ನಡೆಯುತ್ತಿದ್ದ ರೀತಿ ನಿಮಗೆ ಹೊಸದಲ್ಲ. ಬೆಳಗ್ಗೆ ಕತ್ತೆ ಗಾಡಿಯಲ್ಲೋ ಕುದುರೆ ಗಾಡಿಯಲ್ಲೋ ಹಾಲಿನ ಕ್ಯಾನು ಬರುವುದು. ತೂಕ ಮಾಡಿ, ಮಾದರಿ ತೆಗೆದು, ಜಿಡ್ಡು ಪರೀಕ್ಷಿಸುವರು. ನೀರು ಬೆರೆಸಿದವನಿಗೆ ಲಾಭವಿಲ್ಲ, ಒಳ್ಳೆಯ ಹಾಲು ತಂದವನಿಗೆ ನಷ್ಟವಿಲ್ಲ. ಒಂದು ಕಿಲೋ ಬೆಣ್ಣೆಗೆ ಇಪ್ಪತ್ತು ಲೀಟರಿಗೂ ಮೇಲ್ಪಟ್ಟು ಹಸುವಿನ ಹಾಲು ಬೇಕು. ಕೆನೆ ತೆಗೆದ ಹಾಲನ್ನು ರೈತನಿಗೇ ಹಿಂದಿರುಗಿಸುವರು. ಅದು ಕರುವಿಗೂ ಹಂದಿಗೂ ಆಹಾರ. ತಿಂಗಳಿಗೊಮ್ಮೆ ಲೆಕ್ಕದ ಚೀಟಿಯೊಡನೆ ಹಣ.

ಲೆಕ್ಕದ ಚೀಟಿ, ನಗದು ಹಣ, ಇವೆರಡರ ಬೆಲೆ ತಿಳಿಯಬೇಕಾದರೆ ಅಂಗಡಿಯವನ ಪುಸ್ತಕವನ್ನು ನೆನೆಯಿರಿ. ನಗದು ಇದ್ದವನು ಯಾವ ಅಂಗಡಿಗಾದರೂ ಹೋಗಬಹುದು. ಕುಡಿಯದೆ ಎದ್ದು ಬರಲೂ ಬಹುದು.

ಸಾಲಕ್ಕೂ ದಾರಿ ಮಾಡಿದರು. 1895ರಲ್ಲಿ ಕಾರ್ಕ್ ಜಿಲ್ಲೆಯ ಡೊನರೈಲ್‌ನಲ್ಲಿ ಜರ್ಮನಿಯ ರೈಫೈಸನ್ ಅವರ ಮಾದರಿಯಲ್ಲಿ ಹಳ್ಳಿಯ ಪತ್ತಿನ ಸಂಘ ಆರಂಭವಾಯಿತು. ಕರು ಕೊಳ್ಳಲು, ಬೀಜ ಕೊಳ್ಳಲು ಸಾಲ. ಕುಡಿತಕ್ಕೂ ದುಂದಿಗೂ ಇಲ್ಲ. ನಮ್ಮ ದೇಶದ 1904ರ ಸಹಕಾರ ಕಾಯಿದೆಯೂ ಅದೇ ರೈಫೈಸನ್ ಮಾದರಿಯ ಕಡೆ ನೋಡಿತ್ತು. ಅದರಂತೆ 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದನ್ನು ನೀವು ಕೇಳಿಯೇ ಇದ್ದೀರಿ.

ಬಡವರೇ ಕಟ್ಟಿದ ಒಂದು ಸಂಘದ ಮಾತು ಹೇಳದೆ ಇರಲಾಗದು. ಡೊನೆಗಾಲ್ ಜಿಲ್ಲೆಯ ಪ್ಯಾಟ್ರಿಕ್ ಗ್ಯಾಲಹರ್ ಎಂಬವರು ಎಳೆಯ ವಯಸ್ಸಿನಲ್ಲೇ ಜೀತದಾಳಾಗಿ ದುಡಿದವರು. ಸಾಹುಕಾರರ ಅಂಗಡಿಗಳ ಕಾಟ ತಾಳಲಾರದೆ 1906ರಲ್ಲಿ ಹದಿನಾಲ್ಕು ಮಂದಿ ಸೇರಿ ಡಂಗ್ಲೋದ ಬಳಿ ಸಹಕಾರ ಸಂಘ ತೆರೆದರು. ಆ ಸಂಘ ಶತಮಾನ ದಾಟಿಯೂ ಬಾಳಿದೆ.

ಅವರು ಮಾಡಿದ ತಪ್ಪು

ಐರ್ಲೆಂಡಿನಲ್ಲಿ ಕುಡಿತ ನಿಂತೇಹೋಯಿತೆಂದರೆ ಸುಳ್ಳಾಗುತ್ತದೆ. ನಿಲ್ಲಲಿಲ್ಲ. ಅದಕ್ಕೆ ಅನೇಕ ಕಾರಣಗಳುಂಟು. ಒಂದನ್ನು ಮಾತ್ರ ಇಲ್ಲಿ ಹೇಳುತ್ತೇವೆ, ಏಕೆಂದರೆ ಅದನ್ನು ತಿದ್ದುವುದು ನಮ್ಮ ಕೈಯಲ್ಲಿದೆ.

ಡೈರಿ ಬರುವ ಮೊದಲು ಹಾಲು ಕರೆಯುವುದು, ಬೆಣ್ಣೆ ಕಡೆಯುವುದು ಹೆಂಗಸರ ಕೆಲಸವಾಗಿತ್ತು. ಬೆಣ್ಣೆ, ಮೊಟ್ಟೆಗಳಿಂದ ಬಂದ ದುಡ್ಡಿನಲ್ಲಿ ಮನೆಯ ಖರ್ಚು, ಮಕ್ಕಳ ಬಟ್ಟೆಬರೆ ನಡೆಸುತ್ತಿದ್ದವರು ಅವರೇ. ಡೈರಿ ಬಂದ ಮೇಲೆ ಗಾಡಿ ಹೊಡೆದುಕೊಂಡು ಹೋದವನು ಗಂಡಸು, ಸದಸ್ಯತ್ವ ಹೆಚ್ಚಾಗಿ ಅವನ ಹೆಸರಿನಲ್ಲಿ, ಹಣವೂ ಅವನ ಕೈಗೆ. ಹಾಲು ಕರೆಯುವ ದುಡಿಮೆ ಹೆಂಗಸರಿಗೇ ಉಳಿಯಿತು, ದುಡ್ಡು ಮಾತ್ರ ಕೈತಪ್ಪಿತು. ಪೇಟೆಯಿಂದ ಮನೆಗೆ ಬರುವ ದಾರಿಯಲ್ಲಿ ಮದ್ಯದಂಗಡಿ ಇದ್ದೇ ಇತ್ತು. 1910ರಲ್ಲಿ ವೆಕ್ಸ್‌ಫರ್ಡ್ ಜಿಲ್ಲೆಯ ಬ್ರೀ ಎಂಬ ಹಳ್ಳಿಯಲ್ಲಿ ರೈತ ಮಹಿಳೆಯರ ಸಂಘ ಆರಂಭವಾಯಿತು. ಆದರೆ ಡೈರಿಯ ಪುಸ್ತಕದಲ್ಲಿ ಹೆಸರು ಬರೆಸುವ ಕಾಲ ಆಗಲೇ ಕಳೆದಿತ್ತು.

ನಾವು ಮಾಡಬಹುದಾದದ್ದು

ನಮ್ಮ ನಾಡಿನಲ್ಲಿ ಮಹಿಳೆಯರೇ ನಡೆಸುವ ಹಾಲು ಉತ್ಪಾದಕರ ಸಹಕಾರ ಸಂಘಗಳುಂಟು. ನಿಮ್ಮ ಊರಿನ ಸಂಘ ಅಂಥದಲ್ಲದಿದ್ದರೂ ಈ ಕೆಲವು ಕೆಲಸಗಳನ್ನು ಇಂದೇ ಮಾಡಬಹುದು.

1. ಹಸುವಿನ ಸಗಣಿ ಬಾಚುವ, ಹಾಲು ಕರೆಯುವ ಕೈ ಯಾರದೋ ಅವರ ಹೆಸರಿನಲ್ಲಿ ಸದಸ್ಯತ್ವವಿರಲಿ. ಬಟವಾಡೆ ಅವರ ಬ್ಯಾಂಕ್ ಖಾತೆಗೇ ಬರಲಿ.

2. ಹಾಲಿನ ಮೇಲೆ ಖಾಸಗಿಯವರಿಂದ ಮುಂಗಡ ಪಡೆಯಬೇಡಿರಿ. ಮುಂಗಡ ಕೊಟ್ಟವನು ನಾಳೆ ಬೆಲೆಯನ್ನೂ ಹೇಳುತ್ತಾನೆ.

3. ಹಾಲಿನ ಅಳತೆ, ಜಿಡ್ಡು, ದರ ಬರೆದ ಚೀಟಿಯನ್ನು ಕೇಳಿ ಪಡೆಯಿರಿ. ಮನೆಯಲ್ಲಿ ಓದುವ ಮಕ್ಕಳಿಂದ ಒಂದು ಪುಸ್ತಕದಲ್ಲಿ ಬರೆಸಿಡಿರಿ.

4. ದನದ ವ್ಯಾಪಾರ ಮುಗಿದರೆ ಮಜ್ಜಿಗೆಯನ್ನೋ ಕಾಫಿಯನ್ನೋ ಕುಡಿದು ಕೈ ಬಿಡಿರಿ. ಕುಡಿಸುವುದಿಲ್ಲ, ಕುಡಿಸಿಕೊಳ್ಳುವುದಿಲ್ಲ ಎಂಬ ಮಾತನ್ನು ನಾಲ್ವರು ಗೆಳೆಯರು ಸೇರಿ ಒಪ್ಪಿಕೊಳ್ಳಿರಿ.

5. ಕುಡಿತ ಬಿಡಬೇಕೆಂದಿರುವ ನೆರೆಯವನನ್ನು ಹೀಯಾಳಿಸಬೇಡಿರಿ. ಬಟವಾಡೆಯ ದಿನ ಅವನ ಜೊತೆ ನಡೆದು ಮನೆಯವರೆಗೆ ಬನ್ನಿರಿ. ಬಹುಕಾಲ ಹೆಚ್ಚಾಗಿ ಕುಡಿದವನು ಥಟ್ಟನೆ ಬಿಟ್ಟಾಗ ಮೈ ನಡುಗಿದರೆ, ಬುದ್ಧಿ ಮಂಕಾದರೆ, ತಡಮಾಡದೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಳಿ ಕರೆದೊಯ್ಯಿರಿ.

ಪ್ಲಂಕೆಟ್ ಅವರು ತಮ್ಮ ರೈತರ ಮುಂದೆ ಮೂರು ಗುರಿಗಳನ್ನಿಟ್ಟಿದ್ದರು: ಉತ್ತಮ ಬೇಸಾಯ, ಉತ್ತಮ ವ್ಯವಹಾರ, ಉತ್ತಮ ಬಾಳು. ಬೇಸಾಯವನ್ನು ನೀವು ಬಲ್ಲಿರಿ. ವ್ಯವಹಾರಕ್ಕೆ ಸಂಘವಿದೆ. ಮೂರನೆಯದು ಸಿಗುವುದು, ಹಾಲಿನ ದುಡ್ಡು ಹಸುವನ್ನು ಸಾಕಿದ ಮನೆಗೇ ಪೂರ್ತಿಯಾಗಿ ತಲುಪಿದಾಗ. ಈ ಸಾರಿಯ ಬಟವಾಡೆಯಂದು ಮನೆಯವರೆಲ್ಲ ಕುಳಿತು ಒಮ್ಮೆ ಲೆಕ್ಕ ಹಾಕಿ ನೋಡಿರಿ.