ಕೊಬ್ಬರಿ ಅಟ್ಟದ ಕೆಳಗೆ ಎರಡು ಸೊನ್ನೆ

ಬೋರನಕಣಿವೆಗೆ ಹೋದದ್ದು ಡ್ಯಾಂ ನೋಡಲು. ಮಧ್ಯಾಹ್ನವೆಲ್ಲ ಕಳೆದದ್ದು ಲಿನಕ್ಸ್ ಡ್ರೈವರ್ ಮುಂದೆ. ಬೆಂಗಳೂರಿನ ಕಂಪನಿಗೆ ತೋಟದ ಮನೆಯಿಂದಲೇ ಕೆಲಸ ಮಾಡುವ ಪರಿಚಯದ ಹುಡುಗ, ಕೊಬ್ಬರಿಗೆಂದು ಕಾಯಿ ತುಂಬಿದ್ದ ಅಟ್ಟದ ಕೆಳಗೆ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ. ಪಕ್ಕದಲ್ಲಿ ಅಂಗೈಯಗಲದ ಬೀಗಲ್‌ಬೋನ್ ಬೋರ್ಡು. ತನ್ನ ಗೆಳೆಯನೊಬ್ಬ ಕಲಿಯಲೆಂದು ಬರೆದ ಡ್ರೈವರನ್ನು, ಅಂದರೆ ಯಂತ್ರಭಾಗವನ್ನು ಲಿನಕ್ಸ್‌ನಿಂದ ನಡೆಸುವ ಪ್ರೋಗ್ರಾಮನ್ನು, ಸಾಲು ಸಾಲಾಗಿ ರಿವ್ಯೂ ಮಾಡುತ್ತಿದ್ದ.

ಮುಖ್ಯ ಪ್ರೊಸೆಸರಿನ ಪಕ್ಕದ ಚಿಕ್ಕ ಪ್ರೊಸೆಸರಿಗೆ ಫರ್ಮ್‌ವೇರ್ (ಅದು ಓಡಿಸುವ ಪ್ರೋಗ್ರಾಮು) ತುಂಬುವುದು, ಶುರು ಮಾಡುವುದು, ಕುಸಿದರೆ ಮತ್ತೆ ಎಬ್ಬಿಸುವುದು: ಇಷ್ಟಕ್ಕೆ ಲಿನಕ್ಸ್‌ನಲ್ಲಿ ‘ರಿಮೋಟ್‌ಪ್ರಾಕ್’ ಎಂಬ ವ್ಯವಸ್ಥೆಯಿದೆ. 2012ರಲ್ಲಿ, 3.4ನೇ ಆವೃತ್ತಿಯೊಂದಿಗೆ ಬಂತು. ಈ ಬೋರ್ಡಿನ ಚಿಪ್ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನದು. 1985ರಲ್ಲೇ ಬೆಂಗಳೂರಿಗೆ ಬಂದ ಕಂಪನಿ, ಎತ್ತಿನ ಗಾಡಿಯಲ್ಲಿ ಡಿಶ್ ಆಂಟೆನಾ ತರಿಸಿದ ಕತೆ ಎಲ್ಲರಿಗೂ ಗೊತ್ತು. ಚಿಪ್ಪಿನೊಳಗೆ ‘ಪಿಆರ್‌ಯು’ ಎಂಬ ಎರಡು ಪುಟ್ಟ ಕೋರ್‌ಗಳಿವೆ. 200 ಮೆಗಾಹರ್ಟ್ಸ್ ವೇಗ, ಬಹುಪಾಲು ಸೂಚನೆಗಳಿಗೆ ತಲಾ 5 ನ್ಯಾನೋಸೆಕೆಂಡ್. ಇವುಗಳ ಡ್ರೈವರ್ ಲಿನಕ್ಸ್ ಸೇರಿದ್ದು 2021ರ 5.11ರಲ್ಲಿ. ಗೆಳೆಯ ಕಲಿಯಲೆಂದು ಬರೆದದ್ದೂ ಇವುಗಳಿಗೇ.

“ತೋಟದಲ್ಲಿ ಇದನ್ನು ಬಳಸೋದಾದ್ರೆ ಬೋರ್‌ವೆಲ್ ಮೋಟಾರಿಗೆ ತಾನೆ? ಅದಕ್ಕೆ ಇಷ್ಟು ಚುರುಕು ಯಾಕಪ್ಪ?” ಅಂದೆ.

“ಮೋಟಾರಿಗೆ ರಿಲೇನೇ ಸಾಕು ಸಾರ್. ಇದು ಚಟ” ಅಂದ. ಒಪ್ಪಬೇಕಾದ ಉತ್ತರ.

ನನಗೆ ಹಿಡಿಸಿದ್ದು ಸೊನ್ನೆ. ಒಂದೊಂದು ಕೋರ್‌ಗೂ 8 ಕಿಲೋಬೈಟ್ ಡೇಟಾ ಮೆಮೊರಿ ಉಂಟು. ಮೊದಲ ಕೋರ್‌ಗೆ ಸೊನ್ನೆಯ ವಿಳಾಸವೆಂದರೆ ತನ್ನ ಮೆಮೊರಿ, 8192 ಅಂದರೆ ಪಕ್ಕದವನದು. ಎರಡನೆಯದಕ್ಕೂ ಸೊನ್ನೆ ತನ್ನದೇ, 8192 ಪಕ್ಕದವನದೇ! ಪಾಲಾದ ಅಣ್ಣತಮ್ಮಂದಿರು ತೆಂಗಿನ ಸಾಲುಗಳನ್ನು ತಂತಮ್ಮ ಮನೆ ಕಡೆಯಿಂದ ಎಣಿಸಿಕೊಂಡ ಹಾಗೆ. ‘ಮೊದಲನೇ ಸಾಲು’ ಅಂದರೆ ಯಾರ ಲೆಕ್ಕದಲ್ಲಿ ಅಂತ ಕೇಳಲೇಬೇಕು. ಮುಖ್ಯ ಪ್ರೊಸೆಸರ್‌ಗೋ ಎರಡೂ ಬೇರೆ ಬೇರೆ ಜಾಗದಲ್ಲಿ ಕಾಣುತ್ತವೆ. ಹಾಗಾಗಿ ಎರಡನೇ ಕೋರ್‌ಗೆ ಫರ್ಮ್‌ವೇರ್ ತುಂಬುವಾಗ ಡ್ರೈವರ್ ಆ ಎರಡನ್ನೂ ಅದಲುಬದಲು ಮಾಡಿಕೊಳ್ಳಬೇಕು. ಲಿನಕ್ಸ್‌ನ ಡ್ರೈವರ್‌ನಲ್ಲಿ ಅದಕ್ಕೆಂದೇ ಒಂದು ಪುಟ್ಟ ಸಾಲಿದೆ. ಗೆಳೆಯನ ಕೋಡಿನಲ್ಲಿ ಇರಲಿಲ್ಲ.

ಇನ್ನೊಂದು ತಮಾಷೆ: ಪ್ರೋಗ್ರಾಮಿಗೆ ಬೇರೆಯೇ ಮೆಮೊರಿ, ಅದೂ ಸೊನ್ನೆಯಿಂದಲೇ ಶುರು. ಬರೀ ವಿಳಾಸ ನೋಡಿದರೆ ಕೋಡೋ ಡೇಟಾವೋ ಹೇಳಲಾಗದು. ಫರ್ಮ್‌ವೇರ್ ಕಡತದ ಆ ಭಾಗಕ್ಕೆ ‘ಚಲಾಯಿಸಬಹುದು’ ಎಂಬ ಗುರುತು ಇದೆಯೇ ಎಂದು ಡ್ರೈವರ್ ನೋಡುತ್ತದೆ. ಇಂಥ ವಿನ್ಯಾಸವನ್ನು ಜಾಣತನ ಅನ್ನುವವರಿದ್ದಾರೆ. ನನಗಂತೂ ಕಿತಾಪತಿ ಅನಿಸಿತು, ಆದರೂ ಇಷ್ಟವಾಯಿತು.

ಹುಡುಗ ಮೂರು ತಕರಾರು ಬರೆದ. ಅದಲುಬದಲು ಬಿಟ್ಟುಹೋಗಿದೆ. ಫರ್ಮ್‌ವೇರ್ ಹೇಳಿದ ಅಳತೆ 8 ಕಿಲೋಬೈಟಿನೊಳಗೆ ಕೂರುತ್ತದೆಯೇ ಎಂದು ಪರೀಕ್ಷಿಸದೆ ನಕಲು ಮಾಡಲಾಗಿದೆ. ಮಧ್ಯದಲ್ಲಿ ಎಡವಿದರೆ ಪಡೆದದ್ದನ್ನು ಹಿಂದಿರುಗಿಸುವ ದಾರಿಯಿಲ್ಲ.

ಅಷ್ಟರಲ್ಲಿ ಗೆಳೆಯನೇ ಫೋನ್ ಮಾಡಿದ. “ಲೋ, ನನ್ ಬೋರ್ಡಲ್ಲಿ ಸರಿಯಾಗೇ ಓಡ್ತಲ್ಲೋ!”

“ಎರಡ್ನೇ ಕೋರ್‌ಗೆ ತುಂಬಿದ್ಯಾ?”

ತುಂಬಿರಲಿಲ್ಲ. ಮೊದಲನೆಯದರಲ್ಲಿ ಅದಲುಬದಲಿನ ಅಗತ್ಯವೇ ಬೀಳದು. ಮೊದಲನೇ ಕೋರ್ ಓಡುತ್ತಿರುವಾಗಲೇ ಎರಡನೆಯದಕ್ಕೆ ತುಂಬಿದ್ದರೆ, ಎರಡನೆಯದರ ಡೇಟಾ ಮೊದಲನೆಯದರ ಲೆಕ್ಕದ ಮೇಲೆ ಸದ್ದಿಲ್ಲದೆ ಬಿದ್ದು ಅಳಿಸಿಹಾಕುತ್ತಿತ್ತು. ದೋಷದ ಸಂದೇಶವೂ ಬರುತ್ತಿರಲಿಲ್ಲ. ಎರಡನ್ನೂ ಒಟ್ಟಿಗೆ ಓಡಿಸಿ ತೋರಿಸುವವರೆಗೆ ಒಪ್ಪಿಗೆ ಕೊಡಲ್ಲ ಅಂತ ಹುಡುಗ ಫೋನಿಟ್ಟ.