ಬೆಡ್‌ಶೀಟ್ ತಡೆಯದ ಧೂಳು

ಹೋದ ಆಷಾಢದಲ್ಲಿ ಅಜ್ಜಿ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಆರು ದಿನ ಇದ್ಲು. ಶುಗರ್ ಇದೆ, ಉಬ್ಬಸಕ್ಕೆ ಸ್ಟೀರಾಯ್ಡ್ ಬೇರೆ ನಡೀತಿತ್ತು. ಪಕ್ಕದ ರೂಮಲ್ಲಿ ಗೋಡೆ ಒಡೀತಿದ್ರು. ಬಾಗಿಲಿಗೆ ಅಡ್ಡ ಇದ್ದದ್ದು ಒಂದು ಹಳೇ ಬೆಡ್‌ಶೀಟ್. ಸಂಜೆ ಪೊರಕೆಯಲ್ಲಿ ಗುಡಿಸಿದ ಮೇಲೆ ಧೂಳು ಹೋಯ್ತು ಅಂತ ನಾನೂ ಸುಮ್ಮನಾದೆ. ಪುಣ್ಯಕ್ಕೆ ಅಜ್ಜಿಗೆ ಏನೂ ಆಗಲಿಲ್ಲ. ಈ ಸೆಮಿಸ್ಟರ್ ಸ್ಟೋಕ್ಸ್ ನಿಯಮ ಓದುವಾಗ ಆ ಬೆಡ್‌ಶೀಟ್ ನೆನಪಾಯ್ತು.

ಆಸ್ಪರ್ಜಿಲಸ್ ಅನ್ನೋದು ಒಂದು ಬೂಷ್ಟು. ಮಣ್ಣು, ಒದ್ದೆ ಗೋಡೆ, ಫಾಲ್ಸ್ ಸೀಲಿಂಗ್ ಮೇಲಿನ ಧೂಳು, ಪಾರಿವಾಳದ ಹಿಕ್ಕೆ, ಎಲ್ಲ ಕಡೆ ಇರುತ್ತೆ. ಒಡೆದಾಗ, ಅಗೆದಾಗ ಅದರ ಬೀಜಕಗಳು ಗಾಳಿಗೆ ಏಳುತ್ತವೆ. ನಾವು ದಿನವೂ ಉಸಿರಾಡಿಕೊಂಡೇ ಇರ್ತೀವಿ, ದೇಹ ನಿಭಾಯಿಸುತ್ತೆ. ಕೀಮೋ ತಗೊಳ್ಳೋರು, ಕಿಡ್ನಿ ಕಸಿ ಆದವರು, ಬಹಳ ದಿನ ಸ್ಟೀರಾಯ್ಡ್ ಮೇಲಿರೋರ ಶ್ವಾಸಕೋಶದಲ್ಲಿ ಮಾತ್ರ ಅದು ಬೆಳೆದು ಜೀವಕ್ಕೇ ಕುತ್ತು ತರಬಹುದು. 2021ರ ಕಪ್ಪು ಶಿಲೀಂಧ್ರ ಬೇರೆ ಜಾತಿಯದು, ಅದಕ್ಕೆ ಕಟ್ಟಡ ಕೆಲಸ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಶುಗರ್, ಸ್ಟೀರಾಯ್ಡ್ ಎರಡೂ ಸೇರಿದ ದೇಹಕ್ಕೆ ಶಿಲೀಂಧ್ರ ಏನು ಮಾಡುತ್ತೆ ಅಂತ ಆಗ ನೋಡಿದ್ದೀವಿ.

ಈಗ ಲೆಕ್ಕ. ಬೀಜಕದ ವ್ಯಾಸ ಸುಮಾರು 3 ಮೈಕ್ರಾನ್. ನೀರಿನಷ್ಟೇ ಸಾಂದ್ರತೆ ಅಂತ ಇಟ್ಟುಕೊಂಡರೆ ಅದು ಬೀಳುವ ವೇಗ ಸೆಕೆಂಡಿಗೆ 0.27 ಮಿಲಿಮೀಟರ್. 3 ಮೀಟರ್ ಎತ್ತರದಿಂದ ನೆಲ ಮುಟ್ಟೋಕೆ 3 ಗಂಟೆ, ಅದೂ ಗಾಳಿ ಅಲ್ಲಾಡದಿದ್ದರೆ! ವೇಗ ವ್ಯಾಸದ ವರ್ಗಕ್ಕೆ ತಕ್ಕಂತೆ ಏರೋದರಿಂದ 30 ಮೈಕ್ರಾನ್ ಕಣ 2 ನಿಮಿಷದೊಳಗೆ ಬಿದ್ದುಬಿಡುತ್ತೆ. ಅಂದ್ರೆ ನಾವು ಗುಡಿಸಿದ್ದು ಬಿದ್ದ ಧೂಳನ್ನ. ತೇಲುತ್ತಿದ್ದದ್ದು ಅಲ್ಲೇ ಇತ್ತು, ಒಣ ಪೊರಕೆ ಇನ್ನಷ್ಟು ಎಬ್ಬಿಸಿತು.

ದೊಡ್ಡ ಆಸ್ಪತ್ರೆಗಳಲ್ಲಿ 0.3 ಮೈಕ್ರಾನ್ ಕಣಗಳಲ್ಲೂ 99.97% ಹಿಡಿಯುವ ಹೆಪಾ ಫಿಲ್ಟರ್ ಇರುತ್ತೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಂಥ ಊರುಗಳಲ್ಲಿ ಕಿಟಕಿ ತೆಗೆದಿಟ್ಟ ಜನರಲ್ ವಾರ್ಡಿಗೆ ಅದನ್ನ ಎಲ್ಲಿ ಅಂತ ಕೂರಿಸೋದು? ಇಲ್ಲಿ ಬೇಕಾದ್ದು ಬೇರೆ. ನೆಲದಿಂದ ಸ್ಲ್ಯಾಬ್‌ವರೆಗೆ ಪ್ಲೈವುಡ್ ತಡೆ, ಸಂದಿಗಳಿಗೆ ಟೇಪ್. ಕೆಲಸದ ರೂಮಿನ ಕಿಟಕಿಯಲ್ಲಿ ಹೊರಕ್ಕೆ ಊದುವ ಎಕ್ಸಾಸ್ಟ್ ಫ್ಯಾನ್. ಆಗ ಒಳಗೆ ಒತ್ತಡ ಕಮ್ಮಿಯಾಗಿ, ಸಂದಿ ಉಳಿದರೂ ಗಾಳಿ ವಾರ್ಡಿನಿಂದ ಆ ಕಡೆಗೆ ಹೋಗುತ್ತೆ, ಆ ಕಡೆಯಿಂದ ವಾರ್ಡಿಗಲ್ಲ. ಫ್ಯಾನ್ ಊದುವ ಕಡೆ ವಾರ್ಡಿನ ಕಿಟಕಿ ಇರಬಾರದು, ಅಷ್ಟೇ. ಗೋಡೆಗೆ ನೀರು ಹೊಡೆದು ಒಡೆಯೋದು, ಒದ್ದೆ ಬಟ್ಟೆಯಲ್ಲಿ ಒರೆಸೋದು, ಕಲ್ಲು-ಮಣ್ಣು ಮುಚ್ಚಿ ಸಾಗಿಸೋದು. ಆಷಾಢದ ಗಾಳಿ ನಮ್ಮಲ್ಲಿ ಪಶ್ಚಿಮದಿಂದ ಬೀಸುತ್ತೆ. ಕೆಲಸ ವಾರ್ಡಿನ ಪಶ್ಚಿಮಕ್ಕಿದ್ದರೆ ಆ ಕಡೆ ಕಿಟಕಿ ಮುಚ್ಚಲೇಬೇಕು. ಎಲ್ಲಕ್ಕಿಂತ ಮೊದಲು ಅಜ್ಜಿಯಂಥವರ ಮಂಚವನ್ನ ದೂರದ ವಾರ್ಡಿಗೆ ಸಾಗಿಸಬೇಕು.

ಸಿವಿಲ್‌ನವರೇ, ಇದೆಲ್ಲ ಎಸ್ಟಿಮೇಟ್‌ನಲ್ಲಿ ಬರೆದಿದ್ದರೆ ಮಾತ್ರ ಕಂಟ್ರಾಕ್ಟರ್ ಮಾಡ್ತಾನೆ. ಬರೆಯದಿದ್ದರೆ ಮತ್ತೆ ಬೆಡ್‌ಶೀಟೇ.